ಮೆದುಳು ಜ್ವರದ ವಿರುದ್ಧ ಮಕ್ಕಳಿಗೆ ಉಚಿತ ಲಸಿಕೆ: ವೆಚ್ಚ ಭರಿಸುವವರು ಯಾರು, ಪಡೆಯಬೇಕಾದವರು ಯಾರು

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಜಪಾನೀಸ್ ಎನ್ಸೆಫಲೈಟಿಸ್ ಎಂಬ ವೈರಾಣು ರೋಗವನ್ನು ಕನ್ನಡದಲ್ಲಿ ಮೆದುಳು ಜ್ವರವೆಂದೂ, ಆರೋಗ್ಯ ಇಲಾಖೆಯ ಕಡತಗಳಲ್ಲಿ ಸಂಕ್ಷಿಪ್ತವಾಗಿ ಜೆ.ಇ. ಎಂದೂ ಕರೆಯಲಾಗುತ್ತದೆ. ಈ ರೋಗದ ವಿರುದ್ಧ ಲಸಿಕೆಯನ್ನು ದಕ್ಷಿಣ ಕನ್ನಡ ಜಿಲ್ಲೆಯ ಮಕ್ಕಳಿಗೆ 2022ರ ಡಿಸೆಂಬರ್ ತಿಂಗಳಲ್ಲಿ ವಿಶೇಷ ಅಭಿಯಾನದ ಮೂಲಕ ಪರಿಚಯಿಸಲಾಯಿತು. ತದನಂತರ ಅದನ್ನು ವಾಡಿಕೆಯ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಸಲಾಗಿದೆ. ಲಸಿಕೆಗಾಗಿ ಪೋಷಕರು ಯಾವುದೇ ಶುಲ್ಕವನ್ನು ಪಾವತಿಸಬೇಕಾಗಿಲ್ಲ. ಕುಟುಂಬದ ಆದಾಯ, ಪಡಿತರ ಚೀಟಿಯ ಬಗೆ, ಜಾತಿ ಅಥವಾ ಧರ್ಮ ಇವುಗಳಲ್ಲಿ ಯಾವುದೂ ಲಸಿಕೆ ಪಡೆಯಲು ಮಾನದಂಡವಲ್ಲ.

ಉಚಿತವಾಗಿ ದೊರೆಯುವ ವಸ್ತುವಿಗೆ ಬೆಲೆಯಿಲ್ಲವೆಂಬ ಭಾವನೆ ಬರುವುದು ಸಹಜ. ಆದರೆ ಈ ಲಸಿಕೆಯ ಪೂರ್ಣ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸಾರ್ವಜನಿಕ ತೆರಿಗೆಯ ಹಣದಿಂದ ಭರಿಸುತ್ತಿವೆ. ರೋಗದ ಸ್ವರೂಪ, ಸರ್ಕಾರ ಈ ವೆಚ್ಚವನ್ನು ವಹಿಸಿಕೊಳ್ಳಲು ಇರುವ ಕಾರಣ, ಹಣ ಹರಿದುಬರುವ ಕ್ರಮ ಹಾಗೂ ಪೋಷಕರು ಅನುಸರಿಸಬೇಕಾದ ವಿಧಾನಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ರೋಗದ ಪರಿಚಯ

ಈ ರೋಗವು ಮೊದಲು ದಾಖಲಾದುದು 1871ರಲ್ಲಿ, ಜಪಾನ್ ದೇಶದಲ್ಲಿ. ರೋಗದ ಹೆಸರು ಅಲ್ಲಿಂದಲೇ ಬಂದಿದೆ. ಭಾರತದಲ್ಲಿ 1955ರಲ್ಲಿ ವೆಲ್ಲೂರು ಪರಿಸರದಲ್ಲಿ ಇದನ್ನು ಗುರುತಿಸಲಾಯಿತು. ಕರ್ನಾಟಕದಲ್ಲಿ 1970ರ ದಶಕದ ಕೊನೆಯ ವರ್ಷಗಳಲ್ಲಿ ಕೋಲಾರ ಜಿಲ್ಲೆಯು ಇದರ ತೀವ್ರ ಹಾವಳಿಯನ್ನು ಕಂಡಿತು. 2005ರಲ್ಲಿ ಉತ್ತರ ಪ್ರದೇಶದ ಗೋರಖ್‌ಪುರ ಹಾಗೂ ಸುತ್ತಲಿನ ಜಿಲ್ಲೆಗಳಲ್ಲಿ ಸಾವಿರಕ್ಕೂ ಹೆಚ್ಚು ಜನರು ಮೃತಪಟ್ಟರು. ಅವರಲ್ಲಿ ಬಹುಪಾಲು ಮಕ್ಕಳು.

ಸೋಂಕು ತಗಲಿದ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಸುಮಾರು 250 ಸೋಂಕುಗಳಲ್ಲಿ ಒಂದು ಮಾತ್ರ ತೀವ್ರ ಸ್ವರೂಪ ತಾಳುತ್ತದೆ. ಆದರೆ ಹಾಗೆ ತೀವ್ರಗೊಂಡಾಗ ಪರಿಣಾಮವು ಅತ್ಯಂತ ಗಂಭೀರವಾಗಿರುತ್ತದೆ. ಮೆದುಳಿನ ಉರಿಯೂತಕ್ಕೆ ಒಳಗಾದವರಲ್ಲಿ ಶೇಕಡ 30ರವರೆಗೂ ಸಾವು ಸಂಭವಿಸಬಹುದು. ಬದುಕುಳಿದವರಲ್ಲಿ ಶೇಕಡ 20ರಿಂದ 30ರಷ್ಟು ಮಂದಿಗೆ ಪಾರ್ಶ್ವವಾಯು, ಮಾತಿನ ತೊಂದರೆ, ಮರುಕಳಿಸುವ ಅಪಸ್ಮಾರ, ಬುದ್ಧಿಮಾಂದ್ಯ ಅಥವಾ ನಡವಳಿಕೆಯ ಬದಲಾವಣೆ ಶಾಶ್ವತವಾಗಿ ಉಳಿಯುತ್ತದೆ.

ರೋಗದ ಮುಖ್ಯ ಲಕ್ಷಣಗಳು:

• ಹಠಾತ್ತಾಗಿ ಬರುವ ತೀವ್ರ ಜ್ವರ ಮತ್ತು ತಲೆನೋವು
• ವಾಂತಿ, ಕುತ್ತಿಗೆ ಬಿಗಿತ
• ಫಿಟ್ಸ್ ಬರುವುದು. ಚಿಕ್ಕ ಮಕ್ಕಳಲ್ಲಿ ಇದು ಹೆಚ್ಚು
• ಗುರುತು ತಪ್ಪುವುದು, ಅಸಂಬದ್ಧ ಮಾತು, ಪ್ರಜ್ಞಾಹೀನತೆ

ಸೋಂಕುಳ್ಳ ಸೊಳ್ಳೆ ಕಚ್ಚಿದ 4ರಿಂದ 14 ದಿನಗಳೊಳಗೆ ಈ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ವೈರಾಣುವನ್ನು ನೇರವಾಗಿ ನಾಶಪಡಿಸುವ ಔಷಧವು ಇದುವರೆಗೆ ಲಭ್ಯವಿಲ್ಲ. ಜ್ವರ, ಫಿಟ್ಸ್ ಹಾಗೂ ಉಸಿರಾಟವನ್ನು ನಿರ್ವಹಿಸುವ ಆಸರೆಯ ಚಿಕಿತ್ಸೆಯನ್ನು ಮಾತ್ರ ನೀಡಲು ಸಾಧ್ಯ. ಆದುದರಿಂದ ಈ ರೋಗದ ವಿಷಯದಲ್ಲಿ ಸರ್ಕಾರವು ಚಿಕಿತ್ಸೆಗಿಂತ ಮೊದಲು ಲಸಿಕೆಗೆ ಹಣ ತೊಡಗಿಸುತ್ತದೆ.

3. ರೋಗ ಹರಡುವ ಬಗೆ

ವೈರಾಣುವಿನ ಸಹಜ ನೆಲೆಯು ಬೆಳ್ಳಕ್ಕಿ, ಕೊಕ್ಕರೆ ಮೊದಲಾದ ನೀರುಹಕ್ಕಿಗಳು ಮತ್ತು ಹಂದಿಗಳು. ಇವುಗಳ ರಕ್ತ ಹೀರಿದ ಕ್ಯೂಲೆಕ್ಸ್ ಜಾತಿಯ ಸೊಳ್ಳೆಯು ಮನುಷ್ಯರನ್ನು ಕಚ್ಚಿದಾಗ ಸೋಂಕು ತಗಲುತ್ತದೆ. ಹಂದಿಯ ಶರೀರದಲ್ಲಿ ವೈರಾಣು ಹೇರಳವಾಗಿ ವೃದ್ಧಿಯಾಗುತ್ತದೆಯಾದರೂ ಹಂದಿಯಲ್ಲಿ ಸಾಮಾನ್ಯವಾಗಿ ರೋಗದ ಚಿಹ್ನೆಗಳು ಕಾಣುವುದಿಲ್ಲ.

ಈ ಸೊಳ್ಳೆಗಳು ನೀರು ನಿಂತ ಭತ್ತದ ಗದ್ದೆ, ತೋಡು, ಹೊಂಡ ಹಾಗೂ ಜೌಗು ಪ್ರದೇಶಗಳಲ್ಲಿ ಮೊಟ್ಟೆಯಿಡುತ್ತವೆ. ಜಿಲ್ಲೆಯಲ್ಲಿ ಏಣೆಲು ಬೆಳೆಯ ಕಾಲದಲ್ಲಿ, ಅಂದರೆ ಮುಂಗಾರು ಮತ್ತು ಅದರ ನಂತರದ ತಿಂಗಳುಗಳಲ್ಲಿ, ಗದ್ದೆಗಳಲ್ಲಿ ನೀರು ನಿಂತಿರುತ್ತದೆ. ನೀರಿನಾಶ್ರಯವಿರುವಲ್ಲಿ ಸುಗ್ಗಿ ಮತ್ತು ಕೊಳಕೆ ಬೆಳೆಗಳಿಗೂ ಇದು ಅನ್ವಯಿಸುತ್ತದೆ. ಭತ್ತದ ಗದ್ದೆಗಳು ಅಡಿಕೆ ಮತ್ತು ರಬ್ಬರ್ ತೋಟಗಳಾಗಿ ಮಾರ್ಪಟ್ಟು ಗದ್ದೆಯ ವಿಸ್ತೀರ್ಣ ಕಡಿಮೆಯಾಗಿದ್ದರೂ, ಉಳಿದಿರುವ ಬಯಲು ಗದ್ದೆಗಳು ಮನೆಗಳಿಗೆ ಹತ್ತಿರದಲ್ಲಿಯೇ ಇವೆ.

ಡೆಂಗಿ ಮತ್ತು ಮೆದುಳು ಜ್ವರದ ಸೊಳ್ಳೆಗಳು ಬೇರೆ ಬೇರೆ ಎಂಬುದನ್ನು ಸಾರ್ವಜನಿಕರು ಗಮನಿಸಬೇಕು. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರದ ಚಿಪ್ಪು, ಹಳೆಯ ಟಯರ್ ಇವುಗಳಲ್ಲಿ ನಿಂತ ಶುದ್ಧ ನೀರಿನಲ್ಲಿ ಬೆಳೆಯುವುದು ಡೆಂಗಿ ಹರಡುವ ಈಡಿಸ್ ಸೊಳ್ಳೆ. ಅದು ಹಗಲಿನಲ್ಲಿ ಕಚ್ಚುತ್ತದೆ. ಕ್ಯೂಲೆಕ್ಸ್ ಸೊಳ್ಳೆಯು ಮುಸ್ಸಂಜೆಯಿಂದ ರಾತ್ರಿಯವರೆಗೆ, ಹೆಚ್ಚಾಗಿ ಮನೆಯ ಹೊರಗೆ ಕಚ್ಚುತ್ತದೆ. ವಾರಕ್ಕೊಮ್ಮೆ ಪಾತ್ರೆಗಳ ನೀರು ಚೆಲ್ಲುವ ಕ್ರಮವು ಡೆಂಗಿಗೆ ಪರಿಣಾಮಕಾರಿಯಾದರೂ ಅದರಿಂದ ಮೆದುಳು ಜ್ವರವನ್ನು ತಡೆಯಲಾಗದು. ಗದ್ದೆಯ ನೀರನ್ನು ಚೆಲ್ಲಲು ಯಾರಿಂದಲೂ ಸಾಧ್ಯವಿಲ್ಲ.

4. ಪ್ರತಿಯೊಂದು ಮಗುವಿಗೂ ಲಸಿಕೆ ಏಕೆ ಅಗತ್ಯ

ದಡಾರದಂತಹ ರೋಗಗಳು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತವೆ. ಅಂತಹ ರೋಗಗಳಲ್ಲಿ ಊರಿನ ಬಹುಪಾಲು ಮಕ್ಕಳು ಲಸಿಕೆ ಪಡೆದರೆ ಸೋಂಕಿನ ಸರಪಳಿ ಕಡಿದು, ಲಸಿಕೆ ಪಡೆಯದ ಮಗುವಿಗೂ ಸ್ವಲ್ಪಮಟ್ಟಿನ ರಕ್ಷಣೆ ದೊರೆಯುತ್ತದೆ. ಮೆದುಳು ಜ್ವರದಲ್ಲಿ ಹೀಗಾಗುವುದಿಲ್ಲ. ಸೋಂಕಿತ ಮನುಷ್ಯನ ರಕ್ತದಲ್ಲಿ ವೈರಾಣುವಿನ ಪ್ರಮಾಣವು ಅತ್ಯಲ್ಪವಾಗಿದ್ದು, ಅವನನ್ನು ಕಚ್ಚಿದ ಸೊಳ್ಳೆಯಿಂದ ಇನ್ನೊಬ್ಬರಿಗೆ ರೋಗ ಹರಡುವುದಿಲ್ಲ. ವೈರಾಣುವು ಹಕ್ಕಿ, ಹಂದಿ ಮತ್ತು ಸೊಳ್ಳೆಗಳ ನಡುವೆ ಮುಂದುವರಿಯುತ್ತಲೇ ಇರುತ್ತದೆ.

ಹೀಗಾಗಿ ನೆರೆಮನೆಯ ಮಗು ಪಡೆದ ಲಸಿಕೆಯು ನಮ್ಮ ಮನೆಯ ಮಗುವನ್ನು ಕಾಪಾಡುವುದಿಲ್ಲ. ಊರಿನ ನೂರು ಮಕ್ಕಳಲ್ಲಿ 99 ಮಕ್ಕಳು ಲಸಿಕೆ ಪಡೆದರೂ ಉಳಿದ ಒಂದು ಮಗುವಿನ ಅಪಾಯವು ಮೊದಲಿನಷ್ಟೇ ಇರುತ್ತದೆ. ವೆಚ್ಚವನ್ನು ಕುಟುಂಬಗಳಿಗೆ ಬಿಡದೆ ಸರ್ಕಾರವೇ ವಹಿಸಿಕೊಂಡಿರುವುದಕ್ಕೆ ಇದು ಮುಖ್ಯ ಕಾರಣ. ಹಣವಿದ್ದವರು ಮಾತ್ರ ಖಾಸಗಿಯಾಗಿ ಲಸಿಕೆ ಕೊಂಡರೆ, ಗದ್ದೆಯ ಬದಿಯಲ್ಲಿ ವಾಸಿಸುವ, ಸೊಳ್ಳೆಯ ಕಡಿತಕ್ಕೆ ಹೆಚ್ಚು ಒಳಗಾಗುವ ಮಕ್ಕಳೇ ರಕ್ಷಣೆಯಿಂದ ಹೊರಗುಳಿಯುತ್ತಾರೆ.

ಈ ಪ್ರದೇಶದ ಹಿರಿಯರಿಗೆ ಇಂತಹ ರೋಗದ ಅನುಭವ ಹೊಸದಲ್ಲ. 1982–83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಪರಿಸರದಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಸಂದರ್ಭದಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡು ಸಾವಿರಕ್ಕೂ ಮೇಲ್ಪಟ್ಟು ಜನರು ಪೀಡಿತರಾದರು, ಅನೇಕರು ಪ್ರಾಣ ಕಳೆದುಕೊಂಡರು. ಮಂಗನ ಕಾಯಿಲೆಯ ವೈರಾಣು ಮತ್ತು ಮೆದುಳು ಜ್ವರದ ವೈರಾಣು ಒಂದೇ ಕುಟುಂಬಕ್ಕೆ ಸೇರಿದವು. ಮಂಗನ ಕಾಯಿಲೆಗೆ ಬಳಸುತ್ತಿದ್ದ ಹಳೆಯ ಲಸಿಕೆಯ ಪರಿಣಾಮ ಸಾಕಷ್ಟಿಲ್ಲವೆಂದು 2022ರಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು. ಮೆದುಳು ಜ್ವರದ ವಿಷಯದಲ್ಲಾದರೋ ಪರಿಣಾಮಕಾರಿ ಲಸಿಕೆಯು ಸಿದ್ಧವಿದೆ. ಅದು ಮಗುವಿಗೆ ತಲುಪಬೇಕಾಗಿದೆ, ಅಷ್ಟೆ.

5. ಲಸಿಕೆ ಜಿಲ್ಲೆಗೆ ಬಂದ ಹಿನ್ನೆಲೆ

ಭಾರತದಲ್ಲಿ ಮಕ್ಕಳ ಲಸಿಕಾ ಕಾರ್ಯಕ್ರಮವು 1978ರಲ್ಲಿ ಆರಂಭಗೊಂಡು, 1985ರಿಂದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಎಂಬ ಹೆಸರಿನಲ್ಲಿ ವಿಸ್ತಾರಗೊಂಡಿತು. ಪೋಲಿಯೋ, ದಡಾರ ಮುಂತಾದ ರೋಗಗಳ ಲಸಿಕೆಗಳನ್ನು ದೇಶದ ಎಲ್ಲ ಜಿಲ್ಲೆಗಳಲ್ಲಿ ನೀಡಲಾಗುತ್ತದೆ. ಆದರೆ ಜೆ.ಇ. ಲಸಿಕೆಯನ್ನು ರೋಗದ ಇರುವಿಕೆ ದೃಢಪಟ್ಟ ಜಿಲ್ಲೆಗಳಲ್ಲಿ ಮಾತ್ರ ನೀಡಲಾಗುತ್ತದೆ.

ಗೋರಖ್‌ಪುರದ ದುರಂತದ ಬಳಿಕ, 2006ರಲ್ಲಿ, ಕೇಂದ್ರ ಸರ್ಕಾರವು ಕರ್ನಾಟಕವೂ ಸೇರಿದಂತೆ ನಾಲ್ಕು ರಾಜ್ಯಗಳ 11 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಲಸಿಕೆ ನೀಡಿತು. ಆಗ ಬಳಸಿದ ಲಸಿಕೆಯು ಚೀನಾದಿಂದ ಆಮದಾದುದಾಗಿತ್ತು. ಮುಂದಿನ ವರ್ಷಗಳಲ್ಲಿ ರಾಜ್ಯದ ಇನ್ನಷ್ಟು ಜಿಲ್ಲೆಗಳು ಸೇರ್ಪಡೆಗೊಂಡವು. ಆರಂಭದಲ್ಲಿ ಒಂದೇ ಡೋಸ್ ಇದ್ದು, 2013ರಿಂದ ಎರಡು ಡೋಸುಗಳ ಕ್ರಮ ಜಾರಿಗೆ ಬಂದಿತು.

ಅದೇ 2013ರಲ್ಲಿ ಭಾರತದಲ್ಲಿಯೇ ತಯಾರಾದ ಜೆನ್ವ್ಯಾಕ್ ಲಸಿಕೆ ಬಿಡುಗಡೆಯಾಯಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಸಹಯೋಗದಲ್ಲಿ ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆ ಇದನ್ನು ಅಭಿವೃದ್ಧಿಪಡಿಸಿತು. ಈ ಲಸಿಕೆಗೆ ಮೂಲವಾದ ವೈರಾಣು ತಳಿಯನ್ನು 1980ರ ದಶಕದ ಆರಂಭದಲ್ಲಿ ಕೋಲಾರ ಜಿಲ್ಲೆಯ ರೋಗಿಯೊಬ್ಬರಿಂದ ಪ್ರತ್ಯೇಕಿಸಲಾಗಿತ್ತು. ಕರ್ನಾಟಕದ ಒಂದು ಜಿಲ್ಲೆಯಲ್ಲಿ ಜನರನ್ನು ಕಾಡಿದ ತಳಿಯೇ ಇಂದು ರಾಜ್ಯದ ಹಾಗೂ ದೇಶದ ಮಕ್ಕಳ ರಕ್ಷಣೆಗೆ ಆಧಾರವಾಗಿದೆ.

2022ರ ಡಿಸೆಂಬರ್ 5ರಿಂದ ಮೂರು ವಾರಗಳ ಅಭಿಯಾನವನ್ನು ರಾಜ್ಯದ ಹತ್ತು ಜಿಲ್ಲೆಗಳಲ್ಲಿ ಕೈಗೊಳ್ಳಲಾಯಿತು. ಅವುಗಳೆಂದರೆ: ದಕ್ಷಿಣ ಕನ್ನಡ, ಉಡುಪಿ, ಹಾಸನ, ತುಮಕೂರು, ರಾಮನಗರ (ಈಗಿನ ಬೆಂಗಳೂರು ದಕ್ಷಿಣ), ಹಾವೇರಿ, ಗದಗ, ಬಾಗಲಕೋಟೆ, ಕಲಬುರಗಿ ಮತ್ತು ಯಾದಗಿರಿ. 1ರಿಂದ 15 ವರ್ಷದ ಸುಮಾರು 48 ಲಕ್ಷ ಮಕ್ಕಳಿಗೆ ಜೆನ್ವ್ಯಾಕ್ ಲಸಿಕೆಯ ಒಂದು ಡೋಸ್ ನೀಡುವ ಗುರಿಯಿತ್ತು. ಮೊದಲ ವಾರ ಶಾಲೆಗಳಲ್ಲಿ, ಉಳಿದ ಎರಡು ವಾರ ಆರೋಗ್ಯ ಸಂಸ್ಥೆ, ಅಂಗನವಾಡಿ ಹಾಗೂ ಜನವಸತಿಗಳಲ್ಲಿ ಲಸಿಕೆ ನೀಡುವ ಕ್ರಮವನ್ನು ಅನುಸರಿಸಲಾಯಿತು.

6. ಅನುದಾನದ ಸ್ವರೂಪ

ಉಚಿತ ಲಸಿಕೆಯ ವೆಚ್ಚವನ್ನು ಸ್ಥೂಲವಾಗಿ ನಾಲ್ಕು ಬಾಬ್ತುಗಳಲ್ಲಿ ವಿಂಗಡಿಸಬಹುದು.

(ಅ) ಲಸಿಕೆಯ ಖರೀದಿ: ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಲಸಿಕೆಗಳನ್ನು ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಮಂತ್ರಾಲಯವು ಖರೀದಿಸಿ ರಾಜ್ಯಗಳಿಗೆ ಉಚಿತವಾಗಿ ಸರಬರಾಜು ಮಾಡುತ್ತದೆ. ಇಡೀ ದೇಶದ ಬೇಡಿಕೆಯನ್ನು ಒಟ್ಟುಗೂಡಿಸಿ ಖರೀದಿಸುವುದರಿಂದ, ಔಷಧ ಅಂಗಡಿಯಲ್ಲಿ ಬಿಡಿಯಾಗಿ ಕೊಳ್ಳುವ ಬೆಲೆಗಿಂತ ಕಡಿಮೆ ದರದಲ್ಲಿ ಲಸಿಕೆ ದೊರೆಯುತ್ತದೆ.

(ಆ) ಕಾರ್ಯಾಚರಣೆ ವೆಚ್ಚ: ಲಸಿಕೆ ಸಾಗಾಟ, ತರಬೇತಿ, ಪ್ರಚಾರ, ಮೇಲ್ವಿಚಾರಣೆ ಹಾಗೂ ಆಶಾ ಕಾರ್ಯಕರ್ತೆಯರ ಪ್ರೋತ್ಸಾಹಧನ ಇವು ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಬರುತ್ತವೆ. 2015–16ನೇ ಸಾಲಿನಿಂದ ಈ ಅಭಿಯಾನದ ವೆಚ್ಚವನ್ನು ಕೇಂದ್ರ ಶೇಕಡ 60 ಮತ್ತು ರಾಜ್ಯ ಶೇಕಡ 40ರ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ. ಅನುದಾನವು ರಾಜ್ಯ ಆರೋಗ್ಯ ಸಂಘದ ಮೂಲಕ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಘಕ್ಕೂ, ಅಲ್ಲಿಂದ ತಾಲ್ಲೂಕು ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಲಭ್ಯವಾಗುತ್ತದೆ.

(ಇ) ಸಿಬ್ಬಂದಿ ಮತ್ತು ಕಟ್ಟಡ: ಖಾಯಂ ವೈದ್ಯಾಧಿಕಾರಿ, ಆರೋಗ್ಯ ಸಹಾಯಕಿ ಮತ್ತು ಇತರ ಸಿಬ್ಬಂದಿಯ ವೇತನವನ್ನು ಬಹುಮಟ್ಟಿಗೆ ರಾಜ್ಯ ಸರ್ಕಾರದ ಆಯವ್ಯಯದಿಂದ ಭರಿಸಲಾಗುತ್ತದೆ. ಆರೋಗ್ಯ ಕೇಂದ್ರಗಳ ಕಟ್ಟಡ ಮತ್ತು ವಿದ್ಯುತ್ ವೆಚ್ಚವೂ ಸಾರ್ವಜನಿಕ ಹಣದಿಂದಲೇ ನಡೆಯುತ್ತದೆ.

(ಈ) ಶೀತಲ ಸರಪಳಿ: ತಯಾರಕರಿಂದ ಹೊರಟ ಲಸಿಕೆಯು ರಾಜ್ಯ ಲಸಿಕಾ ಉಗ್ರಾಣ, ಮಂಗಳೂರಿನ ಜಿಲ್ಲಾ ಉಗ್ರಾಣ, ಆರೋಗ್ಯ ಕೇಂದ್ರದ ಶೀತಕ ಪೆಟ್ಟಿಗೆ, ಆರೋಗ್ಯ ಸಹಾಯಕಿಯ ಲಸಿಕಾ ಪೆಟ್ಟಿಗೆ ಹೀಗೆ ಹಂತಹಂತವಾಗಿ ಸಾಗಿ ಅಂಗನವಾಡಿಯನ್ನು ತಲುಪುತ್ತದೆ. ಪ್ರತಿ ಹಂತದಲ್ಲಿಯೂ 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಕಾಯ್ದುಕೊಳ್ಳಬೇಕು. ನಿಷ್ಕ್ರಿಯಗೊಳಿಸಿದ ವೈರಾಣುವಿನ ಲಸಿಕೆಯು ಹೆಚ್ಚು ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಮಳೆಗಾಲದಲ್ಲಿ ವಿದ್ಯುತ್ ಪದೇ ಪದೇ ಕಡಿತಗೊಳ್ಳುವ ಪಶ್ಚಿಮ ಘಟ್ಟದ ತಪ್ಪಲಿನಲ್ಲಿ ಈ ಬಾಬ್ತು ವಿಶೇಷ ಮಹತ್ವ ಪಡೆಯುತ್ತದೆ.

ಇದಲ್ಲದೆ, ಗ್ರಾಮ ಮಟ್ಟದ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗಳಿಗೆ ವಾರ್ಷಿಕ 10,000 ರೂಪಾಯಿಗಳವರೆಗೆ ಮುಕ್ತನಿಧಿ ನೀಡಲು ಅಭಿಯಾನದಲ್ಲಿ ಅವಕಾಶವಿದೆ. ಗ್ರಾಮದ ನೈರ್ಮಲ್ಯ ಮತ್ತು ಆರೋಗ್ಯ ಚಟುವಟಿಕೆಗಳಿಗೆ ಇದನ್ನು ಸಮಿತಿಯ ತೀರ್ಮಾನದಂತೆ ಬಳಸಬಹುದು.

7. ಬಳಕೆಯಾಗದ ಡೋಸಿನ ಲೆಕ್ಕ

ಮೇಲ್ಕಂಡ ಬಾಬ್ತುಗಳನ್ನು ಲೆಕ್ಕಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ವೆಚ್ಚದ ಬಹುಭಾಗವು ಸ್ಥಿರ ವೆಚ್ಚವಾಗಿದೆ. ಅಂಗನವಾಡಿಯ ಲಸಿಕಾ ಶಿಬಿರಕ್ಕೆ 20 ಮಕ್ಕಳು ಬರಬೇಕಾದಲ್ಲಿ 12 ಮಕ್ಕಳು ಬಂದರೂ ಶೀತಕ ಪೆಟ್ಟಿಗೆಯ ವಿದ್ಯುತ್, ವಾಹನದ ಇಂಧನ, ಸಿಬ್ಬಂದಿಯ ವೇತನ ಕಡಿಮೆಯಾಗುವುದಿಲ್ಲ. ಬಾರದ ಎಂಟು ಮಕ್ಕಳಿಂದ ಸರ್ಕಾರಕ್ಕೆ ಯಾವ ಉಳಿತಾಯವೂ ಇಲ್ಲ. ಅವರಿಗಾಗಿ ಇನ್ನೊಂದು ದಿನ ಮತ್ತೆ ಶಿಬಿರ ನಡೆಸಬೇಕಾಗುವುದರಿಂದ ವೆಚ್ಚ ಹೆಚ್ಚುತ್ತದೆ.

ಕುಟುಂಬದ ಕಡೆಯ ಲೆಕ್ಕವನ್ನೂ ಪರಿಶೀಲಿಸಬೇಕು. ಮೆದುಳು ಜ್ವರಕ್ಕೆ ತುತ್ತಾದ ಮಗುವನ್ನು ತೀವ್ರ ನಿಗಾ ಘಟಕದಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇರಿಸಬೇಕಾಗುತ್ತದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ನಿಯಮಗಳಿಗೊಳಪಟ್ಟು ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ನೆರವು ಲಭ್ಯವಿದೆ. ಆದರೆ ತಾಯಿಯು ಕಳೆದುಕೊಂಡ ಬೀಡಿ ಕಟ್ಟುವ ಮಜೂರಿ, ತಂದೆಯ ದಿನಗೂಲಿ, ಮಂಗಳೂರಿಗೆ ಓಡಾಟದ ಬಸ್ ಖರ್ಚು ಯಾವ ಯೋಜನೆಯಲ್ಲಿಯೂ ಭರ್ತಿಯಾಗುವುದಿಲ್ಲ. ಮಗು ಅಂಗವೈಕಲ್ಯದೊಂದಿಗೆ ಉಳಿದರೆ ಆರೈಕೆಯ ಹೊಣೆ ಜೀವಮಾನದುದ್ದಕ್ಕೂ ಮುಂದುವರಿಯುತ್ತದೆ. ಈ ಹೊಣೆಯ ಮುಂದೆ ಎರಡು ಗುರುವಾರಗಳ ಅರ್ಧ ದಿನವು ಅತ್ಯಲ್ಪವೆಂಬುದನ್ನು ಪೋಷಕರು ಮನಗಾಣಬೇಕು.

8. ಲಸಿಕಾ ವೇಳಾಪಟ್ಟಿ

• ಮೊದಲನೇ ಡೋಸ್: ಮಗುವಿಗೆ 9 ತಿಂಗಳು ಪೂರ್ಣಗೊಂಡ ನಂತರ, 12 ತಿಂಗಳೊಳಗೆ. ದಡಾರ–ರುಬೆಲ್ಲಾ ಮೊದಲ ಡೋಸಿನೊಂದಿಗೆ ಅದೇ ದಿನ ನೀಡಲಾಗುತ್ತದೆ.
• ಎರಡನೇ ಡೋಸ್: 16ರಿಂದ 24 ತಿಂಗಳ ಅವಧಿಯಲ್ಲಿ. ದಡಾರ–ರುಬೆಲ್ಲಾ ಎರಡನೇ ಡೋಸ್ ಮತ್ತು ಡಿ.ಪಿ.ಟಿ. ವರ್ಧಕ ಡೋಸಿನೊಂದಿಗೆ ನೀಡಲಾಗುತ್ತದೆ.
• ಸಕಾಲದಲ್ಲಿ ಪಡೆಯದ ಮಕ್ಕಳು: 15 ವರ್ಷ ವಯಸ್ಸಿನವರೆಗೆ ಲಸಿಕೆ ಪಡೆಯಲು ಅವಕಾಶವಿದೆ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸುವುದು.

ಲಸಿಕೆಯು ಬಂಟ್ವಾಳ ಮತ್ತು ಬೆಳ್ತಂಗಡಿ ತಾಲ್ಲೂಕು ಆಸ್ಪತ್ರೆ, ಮೂಡುಬಿದಿರೆ ಸಮುದಾಯ ಆರೋಗ್ಯ ಕೇಂದ್ರ ಹಾಗೂ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಲಭ್ಯ. ಉಪಕೇಂದ್ರ ಮತ್ತು ಅಂಗನವಾಡಿಗಳಲ್ಲಿ ಸಾಮಾನ್ಯವಾಗಿ ಗುರುವಾರದಂದು ಲಸಿಕಾ ಶಿಬಿರ ನಡೆಯುತ್ತದೆ. ನಿಖರವಾದ ದಿನವನ್ನು ಆಶಾ ಕಾರ್ಯಕರ್ತೆಯರಿಂದ ತಿಳಿದುಕೊಳ್ಳಬಹುದು.

9. ವಿಶೇಷ ಗಮನ ಅಗತ್ಯವಿರುವ ಮಕ್ಕಳು

ಈ ಮೂರು ತಾಲ್ಲೂಕುಗಳಲ್ಲಿ ಲಸಿಕೆಯಿಂದ ಹೊರಗುಳಿಯುವ ಸಂಭವ ಹೆಚ್ಚಾಗಿರುವ ಮಕ್ಕಳ ವಿವರ ಹೀಗಿದೆ:

• ತಾಯಿಯ ತವರಿನಲ್ಲಿ ಜನಿಸಿದ ಮಕ್ಕಳು: ಬಾಣಂತನವು ನೆರೆಯ ಜಿಲ್ಲೆಯಲ್ಲಿ ಅಥವಾ ಗಡಿಯಾಚೆಯ ಕಾಸರಗೋಡಿನಲ್ಲಿ ನಡೆದಿದ್ದರೆ ಅಲ್ಲಿನ ಲಸಿಕಾ ಪಟ್ಟಿಯಲ್ಲಿ ಜೆ.ಇ. ಲಸಿಕೆ ಇಲ್ಲದಿರಬಹುದು. ಕಾರ್ಡಿನಲ್ಲಿ ಉಳಿದೆಲ್ಲ ಲಸಿಕೆಗಳು ದಾಖಲಾಗಿದ್ದರೂ ಜೆ.ಇ. ಸಾಲು ಖಾಲಿಯಿದೆಯೇ ಎಂದು ನೋಡಿಕೊಳ್ಳಬೇಕು.
• ವಿದ್ಯಾರ್ಥಿನಿಲಯಗಳಲ್ಲಿರುವ ಮಕ್ಕಳು: ಮೂಡುಬಿದಿರೆ ಮತ್ತು ಉಜಿರೆಯ ವಿದ್ಯಾಸಂಸ್ಥೆಗಳಿಗೆ ಬೇರೆ ಜಿಲ್ಲೆಗಳಿಂದ ಬಂದು ನಿಲಯಗಳಲ್ಲಿ ತಂಗುವ ಮಕ್ಕಳು ತಮ್ಮ ಊರಿನಲ್ಲಿ ಈ ಲಸಿಕೆ ಪಡೆದಿರಲಾರರು. ಪ್ರವೇಶದ ಸಮಯದಲ್ಲಿ ಲಸಿಕಾ ದಾಖಲೆ ಪರಿಶೀಲಿಸಲು ನಿಲಯಪಾಲಕರನ್ನು ಕೋರಲಾಗಿದೆ.
• ಘಟ್ಟದ ತಪ್ಪಲಿನ ಮನೆಗಳ ಮಕ್ಕಳು: ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರು, ಮಲವಂತಿಗೆ ಮೊದಲಾದ ಗ್ರಾಮಗಳಲ್ಲಿ ಮಲೆಕುಡಿಯ ಹಾಗೂ ಇತರ ಕುಟುಂಬಗಳ ಮನೆಗಳು ಒಂದಕ್ಕೊಂದು ದೂರದಲ್ಲಿದ್ದು, ಮಳೆಗಾಲದಲ್ಲಿ ಹಳ್ಳ ದಾಟುವುದು ದುಸ್ತರ. ಇಂತಹ ಮನೆಗಳ ಮಕ್ಕಳ ಡೋಸ್ ಮಳೆಗಾಲಕ್ಕೆ ಬರುವಂತಿದ್ದರೆ ಮುಂಚಿತವಾಗಿ ಆಶಾ ಕಾರ್ಯಕರ್ತೆಯರೊಂದಿಗೆ ದಿನ ನಿಗದಿಪಡಿಸಿಕೊಳ್ಳುವುದು ಒಳಿತು.
• ವಲಸೆ ಕಾರ್ಮಿಕರ ಮಕ್ಕಳು: ಕಲ್ಲುಕೋರೆ, ಕಟ್ಟಡ ಕಾಮಗಾರಿ, ತೋಟದ ಕೆಲಸಕ್ಕೆ ಬಂದ ಕುಟುಂಬಗಳಿಗೂ ಲಸಿಕೆ ಉಚಿತ. ಆಧಾರ್ ಅಥವಾ ಸ್ಥಳೀಯ ವಿಳಾಸದ ದಾಖಲೆ ಇಲ್ಲವೆಂಬ ಕಾರಣಕ್ಕೆ ಲಸಿಕೆಯನ್ನು ನಿರಾಕರಿಸುವಂತಿಲ್ಲ. ಕೆಲಸ ಕೊಟ್ಟವರು ಈ ಮಾಹಿತಿಯನ್ನು ಅವರಿಗೆ ತಿಳಿಸಬೇಕು.

10. ಲಸಿಕೆಯ ದಿನದ ಸೂಚನೆಗಳು

• ತಾಯಿ ಕಾರ್ಡನ್ನು ತಪ್ಪದೆ ತರುವುದು. ಕಾರ್ಡ್ ಕಳೆದುಹೋಗಿದ್ದರೂ ಲಸಿಕೆ ನೀಡಲಾಗುವುದು.
• ಮಗುವಿಗೆ ಹೊಟ್ಟೆ ತುಂಬ ಉಣಿಸಿ ಕರೆತರುವುದು.
• ತೀವ್ರ ಜ್ವರವಿದ್ದರೆ ಅಥವಾ ಹಿಂದಿನ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ ಮೊದಲೇ ತಿಳಿಸುವುದು. ಸಾಧಾರಣ ಶೀತ, ಕೆಮ್ಮು ಲಸಿಕೆಗೆ ಅಡ್ಡಿಯಲ್ಲ.
• ಲಸಿಕೆ ನೀಡಿದ ನಂತರ 30 ನಿಮಿಷಗಳ ಕಾಲ ಕೇಂದ್ರದಲ್ಲಿಯೇ ಇರುವುದು.
• ಮುಂದಿನ ಡೋಸಿನ ದಿನಾಂಕವನ್ನು ಕಾರ್ಡಿನಲ್ಲಿ ಬರೆಸಿಕೊಳ್ಳುವುದು.

ಚುಚ್ಚಿದ ಜಾಗದಲ್ಲಿ ನೋವು, ಸ್ವಲ್ಪ ಊತ, ಒಂದೆರಡು ದಿನಗಳ ಅಲ್ಪ ಜ್ವರ ಕಾಣಿಸಬಹುದು. ಆರೋಗ್ಯ ಸಿಬ್ಬಂದಿ ಸೂಚಿಸಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ನೀಡಬಹುದು. ಚುಚ್ಚಿದ ಜಾಗಕ್ಕೆ ಎಣ್ಣೆ, ಅರಸಿನ ಅಥವಾ ಸೊಪ್ಪಿನ ರಸ ಹಚ್ಚಬಾರದು. ಉಸಿರಾಟದ ತೊಂದರೆ, ಮೈಯೆಲ್ಲ ದದ್ದು, ಫಿಟ್ಸ್ ಕಂಡುಬಂದಲ್ಲಿ ಕೂಡಲೇ ಆಸ್ಪತ್ರೆಗೆ ಕರೆತರತಕ್ಕದ್ದು. ಇಂತಹ ಪ್ರಕರಣಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆಯಿದ್ದು, ಪ್ರತಿಯೊಂದನ್ನೂ ದಾಖಲಿಸಿ ತನಿಖೆ ನಡೆಸುವ ವ್ಯವಸ್ಥೆಯಿದೆ.

11. ಆಗಾಗ್ಗೆ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ಊರಿನಲ್ಲಿ ಹಂದಿ ಸಾಕಣೆ ಇಲ್ಲ. ಆದರೂ ಲಸಿಕೆ ಬೇಕೇ?
ಉತ್ತರ: ಬೇಕು. ನೀರುಹಕ್ಕಿಗಳಿಂದಲೂ ವೈರಾಣು ಬರುತ್ತದೆ. ಗದ್ದೆಗಳಲ್ಲಿ ಬೆಳ್ಳಕ್ಕಿ ಕಾಣದ ಗ್ರಾಮ ಈ ಮೂರು ತಾಲ್ಲೂಕುಗಳಲ್ಲಿ ವಿರಳ.

ಪ್ರಶ್ನೆ: ಜಿಲ್ಲೆಯಲ್ಲಿ ಈ ರೋಗದ ಸುದ್ದಿಯೇ ಇಲ್ಲವಲ್ಲ?
ಉತ್ತರ: ಅನೇಕ ಸೋಂಕುಗಳು ಲಕ್ಷಣರಹಿತ. ತೀವ್ರ ಪ್ರಕರಣಗಳೂ ಬೆನ್ನುಹುರಿಯ ದ್ರವ ಅಥವಾ ರಕ್ತದ ವಿಶೇಷ ಪರೀಕ್ಷೆ ಮಾಡದ ಹೊರತು ಬರಿಯ ಜ್ವರ, ಫಿಟ್ಸ್ ಎಂದು ದಾಖಲಾಗುವ ಸಂಭವವಿದೆ. ರೋಗದ ಸುದ್ದಿ ಬಂದ ಮೇಲೆ ಲಸಿಕೆ ಹಾಕಿಸುವುದೆಂದರೆ, ಒಂದು ಮಗು ಆಗಲೇ ರೋಗಕ್ಕೆ ತುತ್ತಾದ ಮೇಲೆ ಎಂದರ್ಥ.

ಪ್ರಶ್ನೆ: ಒಂದೇ ದಿನ ಎರಡು ಮೂರು ಚುಚ್ಚುಮದ್ದು ಮಗುವಿಗೆ ಭಾರವಾಗದೇ?
ಉತ್ತರ: ಇಲ್ಲ. ಬೇರೆ ಬೇರೆ ಜಾಗಗಳಲ್ಲಿ ಚುಚ್ಚುವುದರಿಂದ ಒಂದರ ಪರಿಣಾಮ ಇನ್ನೊಂದನ್ನು ಕುಗ್ಗಿಸುವುದಿಲ್ಲ. ಪೋಷಕರಿಗೆ ಒಂದು ಭೇಟಿಯ ಶ್ರಮವೂ ಉಳಿಯುತ್ತದೆ.

ಪ್ರಶ್ನೆ: ಲಸಿಕೆಯಿಂದಲೇ ಮೆದುಳು ಜ್ವರ ಬರಬಹುದೇ?
ಉತ್ತರ: ಜೆನ್ವ್ಯಾಕ್ ಲಸಿಕೆಯಲ್ಲಿರುವುದು ಜೀವಂತ ವೈರಾಣುವಲ್ಲ, ನಿಷ್ಕ್ರಿಯಗೊಳಿಸಿದ ವೈರಾಣು. ಅದರಿಂದ ರೋಗ ಬರುವ ಸಾಧ್ಯತೆಯಿಲ್ಲ.

ಪ್ರಶ್ನೆ: ಲಸಿಕೆ ಪಡೆದ ಮಗುವಿಗೆ ಎಲ್ಲ ಬಗೆಯ ಮೆದುಳಿನ ಸೋಂಕಿನಿಂದಲೂ ರಕ್ಷಣೆ ದೊರೆಯುವುದೇ?
ಉತ್ತರ: ಇಲ್ಲ. ಮೆದುಳಿನ ಉರಿಯೂತಕ್ಕೆ ಬೇರೆ ವೈರಾಣು ಹಾಗೂ ಬ್ಯಾಕ್ಟೀರಿಯಾಗಳೂ ಕಾರಣವಾಗಬಹುದು. ಆದುದರಿಂದ ಲಸಿಕೆ ಪಡೆದ ಮಗುವಿಗೂ ಜ್ವರದೊಂದಿಗೆ ಫಿಟ್ಸ್ ಅಥವಾ ಪ್ರಜ್ಞೆ ತಪ್ಪುವ ಲಕ್ಷಣ ಕಂಡರೆ ತಡಮಾಡದೆ 108 ಆಂಬ್ಯುಲೆನ್ಸ್ ಸೇವೆಗೆ ಕರೆ ಮಾಡಬೇಕು. ಸಂಜೆಯ ವೇಳೆ ಮೈತುಂಬ ಬಟ್ಟೆ ತೊಡಿಸುವುದು, ಸೊಳ್ಳೆಪರದೆ ಬಳಸುವುದು ಇವನ್ನೂ ಮುಂದುವರಿಸಬೇಕು.

12. ಕುಂದುಕೊರತೆ ಮತ್ತು ಮಾಹಿತಿ

ಸರ್ಕಾರಿ ಲಸಿಕಾ ಕೇಂದ್ರದಲ್ಲಿ ಲಸಿಕೆ, ಸಿರಿಂಜು ಅಥವಾ ಕಾರ್ಡಿಗಾಗಿ ಯಾರೂ ಹಣ ಕೇಳುವಂತಿಲ್ಲ. ನಿಗದಿತ ದಿನ ಲಸಿಕೆ ದಾಸ್ತಾನು ಇಲ್ಲದಿದ್ದಲ್ಲಿ, ಅದು ಎಂದು ಲಭ್ಯವಾಗುವುದೆಂಬುದನ್ನು ಕೇಳಿ ತಿಳಿಯುವ ಹಕ್ಕು ಪೋಷಕರಿಗಿದೆ. ದೂರುಗಳನ್ನು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ, ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ, ನಂತರ ಮಂಗಳೂರಿನಲ್ಲಿರುವ ಜಿಲ್ಲಾ ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ ಅಧಿಕಾರಿಗಳಿಗೆ ಲಿಖಿತವಾಗಿ ಸಲ್ಲಿಸಬಹುದು.

ತಮ್ಮ ಆರೋಗ್ಯ ಕೇಂದ್ರಕ್ಕೆ ಬಂದ ಅನುದಾನ, ಸ್ವೀಕರಿಸಿದ ಮತ್ತು ಬಳಕೆಯಾದ ಡೋಸುಗಳ ಸಂಖ್ಯೆ ಇವುಗಳ ವಿವರವನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಪಡೆಯಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ವಿನಾಯಿತಿ ಇದೆ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡುವುದು ಕಡ್ಡಾಯ.

ಪೋಷಕರು ಇಂದೇ ತಮ್ಮ ಮಗುವಿನ ಕಾರ್ಡನ್ನು ತೆರೆದು ಜೆ.ಇ. 1 ಮತ್ತು ಜೆ.ಇ. 2 ಎಂಬ ಎರಡು ಸಾಲುಗಳಲ್ಲಿಯೂ ದಿನಾಂಕ ನಮೂದಾಗಿದೆಯೇ ಎಂದು ಪರಿಶೀಲಿಸಬೇಕೆಂದು ಕೋರಲಾಗಿದೆ. ಮಗುವಿನ ವಯಸ್ಸಿಗೆ ಬರಬೇಕಾದ ಸಾಲು ಖಾಲಿಯಿದ್ದಲ್ಲಿ ಮುಂದಿನ ಲಸಿಕಾ ದಿನದಂದು ಮಗುವನ್ನು ಸಮೀಪದ ಕೇಂದ್ರಕ್ಕೆ ಕರೆದೊಯ್ಯುವುದು.